ಕ್ಯಾಮೆರಾ ಚೀಲದಲ್ಲಿರುವಾಗಲೇ ಆಗಬೇಕಾದ ಕೆಲಸ

(ಕಲಬುರಗಿಯಲ್ಲಿ ಛಾಯಾಗ್ರಾಹಕರು ಹಾಗೂ ದೃಶ್ಯಕಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಮಯ ಸಾಲದೆ ಆ ದಿನ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಸ್ನೇಹಿತರೇ,

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದವರು ಅದರ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನೂ ನೋಡಿರುತ್ತೀರಿ. ಭೀಮಾ ನದಿಯ ದಂಡೆಯ ಆ ನೆಲವನ್ನು 1990ರ ದಶಕದಲ್ಲಿ ಅಗೆದಾಗ ಸಿಕ್ಕ ಸುಣ್ಣಕಲ್ಲಿನ ಫಲಕಗಳ ಪೈಕಿ ಒಂದರಲ್ಲಿ ರಾಜನೊಬ್ಬ ರಾಣಿಯೊಂದಿಗೆ, ಪರಿಚಾರಕಿಯರ ನಡುವೆ ನಿಂತಿದ್ದಾನೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹವಿದೆ. ಹೆಸರಿನ ಸಮೇತ ಅಶೋಕನ ಶಿಲ್ಪ ಸಿಕ್ಕಿತೆಂದು ಆಗ ದೊಡ್ಡ ಸುದ್ದಿಯಾಯಿತು. ಆದರೆ ಭಾವಚಿತ್ರ ತೆಗೆಯುವವನಾದ ನನಗೆ ಆ ಫಲಕದ ಮುಂದೆ ನಿಂತಾಗ ಹೊಳೆದದ್ದು ಬೇರೆ. ಅದನ್ನು ಕೆತ್ತಿದ ಶಿಲ್ಪಿ ಅಶೋಕ ತೀರಿಹೋದ ಎಷ್ಟೋ ತಲೆಮಾರುಗಳ ನಂತರದವನು. ರಾಜನ ಮುಖವನ್ನು ಅವನು ಕಂಡವನಲ್ಲ, ಕಂಡವರನ್ನು ಕಂಡವನೂ ಅಲ್ಲ. ಹಾಗಾಗಿ ಛತ್ರ, ಚಾಮರ, ರಾಣಿ, ಪರಿವಾರ ಇವುಗಳಿಂದಲೇ ಅವನು ರಾಜನನ್ನು ಕಟ್ಟಬೇಕಾಯಿತು, ಅದೂ ಸಾಲದೆಂದು ಹೆಸರನ್ನು ಕೊರೆಯಬೇಕಾಯಿತು.

ಆ ಶಿಲ್ಪಿಗೆ ಬೇರೆ ದಾರಿಯಿರಲಿಲ್ಲ. ನಮಗೆ ಇದೆ. ನಮ್ಮ ಎದುರಿಗೆ ಮನುಷ್ಯ ಜೀವಂತವಾಗಿ ಕುಳಿತಿರುತ್ತಾನೆ, ಮಾತನಾಡುತ್ತಾನೆ, ಚಹಾ ಕುಡಿಯುತ್ತಾನೆ, ಕೇಳಿದರೆ ತನ್ನ ಅಜ್ಜನ ಕತೆಯನ್ನೂ ಹೇಳುತ್ತಾನೆ. ಆದರೂ ಕೆಲಸ ಒಪ್ಪಿಕೊಂಡ ಮರುಗಳಿಗೆಯೇ ನಾವು ಛತ್ರ ಚಾಮರಗಳನ್ನು ಹುಡುಕಲು ಹೊರಡುತ್ತೇವೆ. ಬೀದರ ಕೋಟೆಯೋ ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳೋ ಎಂದು ಮೊದಲು ಜಾಗ ಗೊತ್ತಾಗುತ್ತದೆ. ಆಮೇಲೆ ಬಾಡಿಗೆಯ ಉದ್ದ ಗೌನು, ಬಣ್ಣದ ಹೊಗೆಯ ಡಬ್ಬಿ, ಮೊಬೈಲಿನಲ್ಲಿ ಉಳಿಸಿಕೊಂಡ ಯಾರದೋ ಹತ್ತು ಪೋಸುಗಳು. ಮನುಷ್ಯ ಕೊನೆಗೆ ಬರುತ್ತಾನೆ, ಬಂದು ಆ ಪೋಸಿನೊಳಗೆ ನಿಲ್ಲುತ್ತಾನೆ. ಈ ಕ್ರಮವನ್ನು ತಿರುವಿಹಾಕುವುದು ಹೇಗೆ ಎಂಬುದಷ್ಟೇ ಇಂದಿನ ನನ್ನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಸಹಜವಾದ ಚಿತ್ರವೆಂದರೆ ತೆಗೆಸಿಕೊಳ್ಳುವವರಿಗೆ ಗೊತ್ತಾಗದಂತೆ ತೆಗೆದದ್ದು, ಪೋಸು ಕೊಟ್ಟರೆ ಅದು ಸುಳ್ಳು ಎಂಬ ಮಾತು ಮದುವೆಯ ಛಾಯಾಗ್ರಹಣದೊಂದಿಗೆ ನಮ್ಮಲ್ಲಿ ಬೇರೂರಿದೆ. (ಕ್ಯಾಂಡಿಡ್ ಎಂಬ ಹೆಸರಿನಲ್ಲಿ ಹೆಚ್ಚು ಹಣ ಪಡೆದು, “ಇನ್ನೊಮ್ಮೆ ನಗ್ರಿ, ಈ ಕಡೆ ನೋಡಲಾರದೆ ನಗ್ರಿ” ಎಂದು ವಧೂವರರನ್ನು ಮೂರು ಸಲ ನಗಿಸುವುದನ್ನು ನೀವೂ ನೋಡಿದ್ದೀರಿ, ನಾನೂ ಮಾಡಿದ್ದೇನೆ.) ನಿಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ಹಳೆಯ ಚಿತ್ರವಿದ್ದರೆ ನೆನಪು ಮಾಡಿಕೊಳ್ಳಿ. ಅಜ್ಜ ಕುರ್ಚಿಯ ಮೇಲೆ ಮೊಣಕಾಲಿಗೆ ಅಂಗೈ ಊರಿ, ರುಮಾಲು ಸುತ್ತಿ, ಕೈಗಡಿಯಾರ ಕಾಣುವಂತೆ ತೋಳನ್ನು ಚೂರು ಮೇಲೆ ಸರಿಸಿ ಕುಳಿತಿರುತ್ತಾನೆ. ಅಜ್ಜಿ ಪಕ್ಕದಲ್ಲಿ ಸೆರಗು ಹೊದ್ದು, ಒಂದು ಕೈಯನ್ನು ಕುರ್ಚಿಯ ಬೆನ್ನಿಗೆ ಇಟ್ಟೋ ಇಡದೆಯೋ ನಿಂತಿರುತ್ತಾಳೆ. ಅದಕ್ಕಿಂತ ಬಿಗಿಯಾದ ಪೋಸು ಇರಲಾರದು. ಆದರೂ ಆ ಚಿತ್ರ ಸುಳ್ಳೆಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಗಡಿಯಾರ ಕಾಣಬೇಕೆಂದು ತೀರ್ಮಾನಿಸಿದವನು ಅಜ್ಜನೇ. ತಾನು ಹೇಗೆ ಉಳಿಯಬೇಕೆಂದು ಅವನು ಯೋಚಿಸಿ ಬಂದಿದ್ದ. ಪೋಸು ಎಂಬುದು ತಪ್ಪಲ್ಲ. ಎರವಲು ತಂದ ಪೋಸು ತಪ್ಪು. ಆದ್ದರಿಂದ ನಾನು ಯೋಜನೆ ಎನ್ನುವುದು ತೆಗೆಸಿಕೊಳ್ಳುವವರ ಸ್ವಂತದ ನಿಲುವು ಯಾವುದು ಎಂದು ಕಂಡುಕೊಳ್ಳುವ ಕೆಲಸವನ್ನು. ಅದು ಕ್ಯಾಮೆರಾ ಚೀಲದಲ್ಲಿರುವಾಗಲೇ ಆಗಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಸ್ಟುಡಿಯೊ ತೆರೆದ ಹೊಸದರಲ್ಲಿ, ಸೇಡಂ ಕಡೆಯ ಒಂದು ಕುಟುಂಬದವರು ತಮ್ಮ ಎಂಬತ್ತು ದಾಟಿದ ತಾಯಿಯನ್ನು ಕರೆದುಕೊಂಡು ಬಂದರು. ನಮ್ಮ ಭಾಗದಲ್ಲಿ ವಯಸ್ಸಾದವರ ಫೋಟೊ ತೆಗೆಸುವುದೆಂದರೆ ಅದು ಮುಂದೆ ಗೋಡೆಗೆ ಹೋಗುವ ಫೋಟೊ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಆ ಅಜ್ಜಿಯನ್ನು ನೀಲಿ ಪರದೆಯ ಮುಂದೆ ಕೂರಿಸಿ, ಎರಡೂ ಬದಿಗೆ ಛತ್ರಿ ಲೈಟು ಹಚ್ಚಿ, ಗದ್ದ ಎತ್ತಿಸಿ ಹತ್ತು ನಿಮಿಷದಲ್ಲಿ ಮುಗಿಸಿದೆ. ರಾತ್ರಿ ಕಂಪ್ಯೂಟರಿನಲ್ಲಿ ಮುಖದ ಸುಕ್ಕುಗಳನ್ನು ನಯ ಮಾಡುವಾಗ ಹಣೆಯ ಮೇಲೂ ಗದ್ದದ ಮೇಲೂ ಇದ್ದ ಹಸಿರು ಚುಕ್ಕೆಗಳು ಕಲೆಯೆಂದು ತೋರಿದವು, ಅವನ್ನೂ ಅಳಿಸಿದೆ. ಮರುದಿನ ಚಿತ್ರ ಕೈಗಿತ್ತಾಗ ಮಗ ಬಹಳ ಹೊತ್ತು ನೋಡಿ, “ಫೋಟೊ ಛಲೋ ಬಂದದರಿ, ಆದ್ರ ನಮ್ಮವ್ವನ ಹಚ್ಚಿ ಎಲ್ಲಿ ಹ್ವಾದವು?” ಎಂದು ಕೇಳಿದ. ಎಂಟು ವರ್ಷದ ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಅತ್ತು ಅತ್ತು ಹಾಕಿಸಿಕೊಂಡ ಹಚ್ಚೆ ಅದು. ಮನೆಯವರೆಲ್ಲರಿಗೂ ಆ ಕತೆ ಬಾಯಿಪಾಠ. ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ಮೂಲ ಚಿತ್ರದಿಂದ ಮತ್ತೆ ಪ್ರಿಂಟ್ ಹಾಕಿಕೊಟ್ಟೆ. ಹಣ ಹಿಂತಿರುಗಿಸಲು ಹೋದರೆ ಅವರು ಪಡೆಯಲಿಲ್ಲ. ಅಂದಿನಿಂದ ರಿಟಚಿಂಗಿಗೆ ನನ್ನದೊಂದು ನಿಯಮವಿದೆ: ಹದಿನೈದು ದಿನದಲ್ಲಿ ತಾನಾಗಿಯೇ ಹೋಗುವ ಮೊಡವೆ, ಸೊಳ್ಳೆ ಕಡಿದ ಗುರುತು, ಅಂದು ಬೆಳಿಗ್ಗೆಯ ಕ್ಷೌರದ ಗಾಯ ಇವನ್ನು ತೆಗೆಯಬಹುದು, ಹದಿನೈದು ವರ್ಷದಿಂದ ಇರುವುದನ್ನು ಅವರು ಕೇಳದೆ ಮುಟ್ಟಬಾರದು. ಚರ್ಮದ ಬಣ್ಣವನ್ನಂತೂ ಅವರು ಕೇಳಿದರೂ ತಿಳಿಗೊಳಿಸಬಾರದು ಎಂಬುದು ನನ್ನ ಹಟ, ಇದರಿಂದ ಕೆಲವು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ಈಗ ನಾನು ಚಿತ್ರ ತೆಗೆಯುವ ದಿನಕ್ಕಿಂತ ಮೊದಲೇ ಒಂದು ದಿನ ಬರಿಗೈಯಲ್ಲಿ ಹೋಗುತ್ತೇನೆ. ಆಗುವುದಿಲ್ಲ, ದೂರದ ಊರು ಎಂದಾದರೆ ಕನಿಷ್ಠ ಅರ್ಧ ಗಂಟೆ ಫೋನಿನಲ್ಲಿ ಮಾತನಾಡುತ್ತೇನೆ. “ನಿಮಗೆ ಯಾವ ರೀತಿಯ ಫೋಟೊ ಬೇಕು?” ಎಂದು ಮಾತ್ರ ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಜನ ಮೊಬೈಲ್ ತೆಗೆದು ಬೇರೆಯವರ ಫೋಟೊ ತೋರಿಸುತ್ತಾರೆ. ಅದರ ಬದಲು, ದಿನದಲ್ಲಿ ನೀವು ಹೆಚ್ಚು ಹೊತ್ತು ಕೂರುವ ಜಾಗ ಯಾವುದು ಎಂದು ಕೇಳುತ್ತೇನೆ. ಸುಮ್ಮನಿದ್ದಾಗ ಅವರ ಕೈಗಳು ಏನು ಮಾಡುತ್ತಿರುತ್ತವೆ ಎಂದು ಮನೆಯವರನ್ನು ಕೇಳುತ್ತೇನೆ, ತೆಗೆಸಿಕೊಳ್ಳುವವರನ್ನಲ್ಲ. ತಮ್ಮ ಕೈಯ ಅಭ್ಯಾಸ ತಮಗೇ ತಿಳಿದಿರುವುದಿಲ್ಲ. ಒಬ್ಬರು ಕನ್ನಡಕವನ್ನು ಧೋತರದ ಅಂಚಿನಿಂದ ಒರೆಸುತ್ತಲೇ ಇರುತ್ತಾರೆ, ಒಬ್ಬರು ಅಡಕೆ ಕತ್ತರಿಸುತ್ತಿರುತ್ತಾರೆ, ಇನ್ನೊಬ್ಬರು ಇಷ್ಟಲಿಂಗದ ಕರಡಿಗೆಯನ್ನು ಎದೆಯ ಮೇಲೆ ಹಿಡಿದುಕೊಂಡೇ ಮಾತನಾಡುತ್ತಾರೆ. ಮೂರನೆಯದಾಗಿ, ನಿಮ್ಮ ಹಳೆಯ ಫೋಟೊಗಳಲ್ಲಿ ಇಷ್ಟವಾದದ್ದು ಒಂದು, ಇಷ್ಟವಾಗದ್ದು ಒಂದು ತೋರಿಸಿ ಎನ್ನುತ್ತೇನೆ. ಇಷ್ಟವಾಗದ ಫೋಟೊ ಬಹಳ ಕಲಿಸುತ್ತದೆ: ಒಬ್ಬ ಕಾಲೇಜು ಅಧ್ಯಾಪಕಿ ತಮ್ಮ ಎಡಗಣ್ಣು ಚೂರು ಸಣ್ಣದಾಗಿ ಕಾಣುವುದನ್ನು ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು; ಆ ಕಣ್ಣನ್ನು ಕ್ಯಾಮೆರಾಕ್ಕೆ ಹತ್ತಿರದ ಬದಿಗೆ ತಂದರೆ ವ್ಯತ್ಯಾಸ ಕಾಣದಾಗುತ್ತದೆಂದು ಮೊದಲೇ ಗೊತ್ತಾದದ್ದರಿಂದ ಆ ದಿನ ಅವರನ್ನು ಯಾವ ಕಡೆ ಕೂರಿಸಬೇಕೆಂಬ ಗೊಂದಲವೇ ಇರಲಿಲ್ಲ.

ಜಾಗದ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಸ್ಮಾರಕಗಳು ಧಾರಾಳವಾಗಿವೆ, ಅದೇ ನಮ್ಮ ತೊಂದರೆ. 1472ರಲ್ಲಿ ಕಟ್ಟಿದ ಬೀದರಿನ ಮಹಮೂದ್ ಗವಾನ್ ಮದರಸಾದ ಮುಂದೆ ಯಾರನ್ನು ನಿಲ್ಲಿಸಿದರೂ ಚಿತ್ರ ಚೆನ್ನಾಗಿ ಬರುತ್ತದೆ. ಯಾರನ್ನು ನಿಲ್ಲಿಸಿದರೂ ಒಂದೇ ರೀತಿ ಬರುತ್ತದೆ. ಆ ಗೋಡೆಯ ಬಣ್ಣದ ಹೆಂಚುಗಳನ್ನು ನೋಡಿದ ಕಣ್ಣು ಮನುಷ್ಯನ ಕಡೆಗೆ ಹಿಂತಿರುಗುವುದಿಲ್ಲ. ಸ್ಮಾರಕ ಬೇಡವೇ ಬೇಡ ಎನ್ನುತ್ತಿಲ್ಲ. ಕಲಬುರಗಿ ಕೋಟೆಯೊಳಗೆ ಹುಟ್ಟಿ ಬೆಳೆದ ಕುಟುಂಬಗಳಿದ್ದವು. ಅಂಥವರೊಬ್ಬರನ್ನು 1367ರ ಜಾಮಿ ಮಸೀದಿಯ ಕಮಾನುಗಳ ಪಕ್ಕದಲ್ಲಿ ತೆಗೆದರೆ ಅದು ಅವರ ಅಂಗಳದ ಚಿತ್ರವಾಗುತ್ತದೆ. ನಿಮ್ಮ ಮನುಷ್ಯನಿಗೂ ಆ ಕಲ್ಲಿಗೂ ಸಂಬಂಧವೇನು ಎಂಬ ಪ್ರಶ್ನೆಗೆ ಉತ್ತರವಿದ್ದರೆ ಹೋಗಿ. ಹೋಗುವುದಾದರೆ ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಊರಿ, ಲೈಟು ಕಟ್ಟಿ ಕೆಲಸ ಮಾಡಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ಬಾಗಿಲಲ್ಲಿ ಕಾವಲುಗಾರನೊಂದಿಗೆ ನಡೆಯುವ ವಾದವನ್ನು ಕೇಳುತ್ತ ನಿಂತ ಗಿರಾಕಿಯ ಮುಖದಲ್ಲಿ ಆ ದಿನ ಮತ್ತೆ ನಗು ಬರುವುದಿಲ್ಲ.

ನನ್ನ ಅನುಭವದಲ್ಲಿ ನಮ್ಮ ಭಾಗದ ಅತ್ಯುತ್ತಮ ಸ್ಟುಡಿಯೊ ಎಂದರೆ ಹಳೆಯ ಮಾಳಿಗೆ ಮನೆಯ ಪಡಸಾಲೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂಥ ಮನೆಗಳಲ್ಲಿ ಬೆಳೆದ ನಮ್ಮವರೇ ಇದರ ಬೆಲೆ ಅರಿಯದೆ ಗಿರಾಕಿಗಳನ್ನು ಪಾರ್ಕಿಗೆ ಕರೆದೊಯ್ಯುತ್ತಾರೆ. ಮಣ್ಣಿನ ದಪ್ಪ ಗೋಡೆ, ಮೇಲೆ ಒಂದು ಬೆಳಕಿಂಡಿ, ಮುಂದೆ ಒಂದು ದೊಡ್ಡ ಬಾಗಿಲು, ಉಳಿದೆಡೆ ಕತ್ತಲು. ಬಾಗಿಲು ಉತ್ತರಕ್ಕೋ ಪೂರ್ವಕ್ಕೋ ಇದ್ದರೆ ಮಧ್ಯಾಹ್ನದ ನಂತರ ನೇರ ಬಿಸಿಲು ಒಳಗೆ ಬರದೆ, ಅಂಗಳದಿಂದ ತಿರುಗಿದ ಮೆತ್ತನೆಯ ಬೆಳಕು ಮಾತ್ರ ಬರುತ್ತದೆ. ಇನ್ನು ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯನ್ನು ಮರೆಯಬೇಡಿ. ಬೂದು ನೀಲಿಯ ಆ ಕಲ್ಲು ಕಾಲು ಸವೆಸಿ ನುಣುಪಾದಷ್ಟೂ ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಎಸೆಯುತ್ತದೆ. ಕಣ್ಣಿನ ಕೆಳಗಿನ, ಗದ್ದದ ಕೆಳಗಿನ ನೆರಳನ್ನು ತುಂಬಲು ನಾವು ಪೇಟೆಯಲ್ಲಿ ದುಡ್ಡು ಕೊಟ್ಟು ತರುವ ರಿಫ್ಲೆಕ್ಟರ್ ಮಾಡುವ ಕೆಲಸವನ್ನೇ ಅದು ಬಿಟ್ಟಿಯಾಗಿ ಮಾಡುತ್ತದೆ. ಬಣ್ಣ ಸ್ವಲ್ಪ ತಣ್ಣಗಾಗುತ್ತದೆ, ಆದ್ದರಿಂದ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅನ್ನು ಆ ಜಾಗದಲ್ಲೇ ಒಂದು ಬಿಳಿ ಕಾಗದ ಹಿಡಿದು ಹೊಂದಿಸಿಕೊಳ್ಳಿ. ಮನುಷ್ಯನನ್ನು ಬಾಗಿಲಿನಿಂದ ಒಂದು ಮಾರು ಒಳಗೆ, ಬೆಳಕು ಮುಖದ ಒಂದು ಬದಿಗೆ ಬೀಳುವಂತೆ ಕೂರಿಸಿ. ಎರಡು ಮಾರು ಒಳಗೆ ಹೋದರೆ ಬೆಳಕು ಕಡಿಮೆಯಾಗುತ್ತದೆ, ಜೊತೆಗೆ ಮುಖಕ್ಕೂ ಹಿಂದಿನ ಗೋಡೆಗೂ ಇದ್ದ ಬೆಳಕಿನ ಅಂತರ ಕುಗ್ಗಿ ಚಿತ್ರ ಚಪ್ಪಟೆಯಾಗುತ್ತದೆ. ಮನೆಯ ಟ್ಯೂಬ್‌ಲೈಟುಗಳನ್ನು ಆರಿಸಿ. ಆರಿಸಲಾಗದಿದ್ದರೆ, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆಂದು ನೆನಪಿಟ್ಟು ಶಟರನ್ನು ಸೆಕೆಂಡಿನ 1/100 ಅಥವಾ 1/50ರಲ್ಲಿಡಿ. ಇಲ್ಲವಾದರೆ ಗೋಡೆಯ ಮೇಲೆ ಅಡ್ಡ ಪಟ್ಟಿಗಳು ಮೂಡುತ್ತವೆ.

ಹೊರಗೆ ತೆಗೆಯಬೇಕೆಂದರೆ ನಮ್ಮ ಸೂರ್ಯನ ಲೆಕ್ಕ ಗೊತ್ತಿರಬೇಕು. ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಹಾಗಾಗಿ ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆ ಬೆಳಕಿನಲ್ಲಿ ಹುಬ್ಬಿನ ನೆರಳು ಕಣ್ಣನ್ನು ನುಂಗಿ, ಮುಖದಲ್ಲಿ ಎರಡು ಕುಳಿಗಳಷ್ಟೇ ಉಳಿಯುತ್ತವೆ. ಮೇ ತಿಂಗಳಾದರೆ 40 ಡಿಗ್ರಿ ದಾಟಿದ ಬಿಸಿಲಿಗೆ ಕಣ್ಣು ತೆರೆಯಲೂ ಆಗುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಮುಗಿಸಿ. ಡಿಸೆಂಬರಿನಲ್ಲಿ ಸೂರ್ಯ ನಡುಹಗಲಲ್ಲೂ ದಕ್ಷಿಣಕ್ಕೆ ಬಾಗಿರುವುದರಿಂದ ಬೆಳಿಗ್ಗೆ ಒಂಬತ್ತರವರೆಗೂ, ಸಂಜೆ ನಾಲ್ಕರ ನಂತರವೂ ಬೆಳಕು ಮುಖಕ್ಕೆ ಓರೆಯಾಗಿ ಬರುತ್ತದೆ. ಅದು ತೊಗರಿ ಕೊಯ್ಲಿನ ಕಾಲ. ರೈತರ ಚಿತ್ರ ತೆಗೆಯುವವರಿಗೆ ಕಣದ ಧೂಳಿನಲ್ಲಿ ಹಾಯ್ದು ಬರುವ ಆ ಬೆಳಕಿಗಿಂತ ಬೇರೆ ಏನೂ ಬೇಕಾಗಿಲ್ಲ. ಆದರೆ ರಾಶಿ ನಡೆದಿರುವಾಗ ರೈತನನ್ನು ನಿಲ್ಲಿಸಿ ಪೋಸು ಕೇಳುವುದು ಒರಟುತನ. ಅವನ ಕೆಲಸದ ಬಿಡುವಿಗೆ ನೀವು ಕಾಯಬೇಕು.

ಬಟ್ಟೆಯ ಬಗ್ಗೆ ಒಂದೇ ಮಾತು: ಹೊಸದು ಬೇಡ. ಫೋಟೊಕ್ಕೆಂದು ಕೊಂಡ ಸೀರೆ ಭುಜದ ಮೇಲೆ ಕೂರುವುದಿಲ್ಲ, ಫೋಟೊಕ್ಕೆಂದು ಹೊಲಿಸಿದ ಅಂಗಿ ಕಾಲರಿನಲ್ಲಿ ಕತ್ತನ್ನು ಎತ್ತಿ ಹಿಡಿಯುತ್ತದೆ. ನಾಲ್ಕಾರು ಸಲ ಉಟ್ಟು ಮೈಗೆ ಹೊಂದಿಕೊಂಡ ಇಳಕಲ್ ಸೀರೆಯನ್ನೋ ದಿನವೂ ಹಾಕುವ ನೆಹರೂ ಅಂಗಿಯನ್ನೋ ಒಗೆದು ಇಸ್ತ್ರಿ ಮಾಡಿಟ್ಟುಕೊಳ್ಳಲು ಹೇಳಿ. ತಾಂತ್ರಿಕವಾಗಿ ನಮ್ಮನ್ನು ಕಾಡುವುದು ಬಿಳಿ ಧೋತರ, ಬಿಳಿ ಟೋಪಿ: ಚೌಕಟ್ಟಿನ ಅರ್ಧ ಬಿಳಿಯಿದ್ದಾಗ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮೋಸಹೋಗಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ, ಬಿಸಿಲುಂಡ ಮುಖ ಇನ್ನಷ್ಟು ಮುಚ್ಚಿಹೋಗುತ್ತದೆ. ಮೀಟರನ್ನು ಕೆನ್ನೆಯ ಮೇಲೆ ಹಿಡಿಯಿರಿ, ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ ಫೈಲಿನಲ್ಲಿ ತೆಗೆಯಿರಿ, ಧೋತರದ ನಿರಿಗೆಗಳು ಬಿಳಿಯಲ್ಲಿ ಕರಗದಂತೆ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿಕೊಳ್ಳಿ.

ಇನ್ನು ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರಿರಬೇಕು ಎಂಬ ಪ್ರಶ್ನೆ. ಇದನ್ನು ನಮ್ಮ ಪೈಕಿ ಹೆಚ್ಚಿನವರು ಯೋಚಿಸುವುದೇ ಇಲ್ಲ, ಆದರೆ ಈ ಸೀಮೆಯ ಛಾಯಾಗ್ರಹಣದ ಚರಿತ್ರೆಯಲ್ಲಿ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಕಲಬುರಗಿ, ಬೀದರ, ಯಾದಗಿರಿಗಳು ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ಲಾಲಾ ದೀನದಯಾಳರ (1844–1905) ಹೆಸರು ನೀವು ಕೇಳಿದ್ದೀರಿ. ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದ ಅವರು 1892ರಲ್ಲಿ ಹೈದರಾಬಾದಿನಲ್ಲಿ ಪರದೆಯಲ್ಲಿರುವ ಹೆಣ್ಣುಮಕ್ಕಳಿಗಾಗಿಯೇ ಜನಾನಾ ಸ್ಟುಡಿಯೊ ತೆರೆದು, ಅದನ್ನು ನಡೆಸಲು ಮಹಿಳೆಯೊಬ್ಬರನ್ನೇ ನೇಮಿಸಿದರು. ಗಂಡಸರು ಒಳಗೆ ಹೋಗುವಂತಿರಲಿಲ್ಲ. ಅದರ ಹಿಂದೆ ವ್ಯಾಪಾರದ ಬುದ್ಧಿಯೂ ಇತ್ತು, ನಿಜ. ಆದರೆ ತೆಗೆಯುವವನ ಇರವೇ ತೆಗೆಸಿಕೊಳ್ಳುವವರ ಮುಖವನ್ನು ಬದಲಿಸುತ್ತದೆ ಎಂಬ ಅರಿವೂ ಇತ್ತು. ಇಂದು ಪರದೆ ಇರಲಿ ಬಿಡಲಿ, ಅತ್ತೆಯ ಎದುರು ಸೊಸೆಯ ಮುಖ ಒಂದು ರೀತಿ ಇರುತ್ತದೆ, ಗೆಳತಿಯ ಎದುರು ಇನ್ನೊಂದು ರೀತಿ. ಹಿರಿಯ ಮಗ ಬಂದು ಹಿಂದೆ ನಿಂತರೆ ಅಪ್ಪ ಬೆನ್ನು ನೆಟ್ಟಗೆ ಮಾಡುತ್ತಾನೆ, ಮೊಮ್ಮಗಳು ಬಂದರೆ ಸಡಿಲಿಸುತ್ತಾನೆ. ಯಾರಿದ್ದರೆ ನಿಮಗೆ ಹಗುರವಾಗುತ್ತದೆ ಎಂದು ಮೊದಲ ದಿನವೇ ಖಾಸಗಿಯಾಗಿ ಕೇಳಿ, ಉಳಿದವರನ್ನು ಚಹಾದ ನೆಪದಲ್ಲಿ ಬೇರೆ ಕೋಣೆಗೆ ಕಳಿಸುವ ಜವಾಬ್ದಾರಿಯನ್ನು ನೀವೇ ಹೊರಬೇಕು. ಹೆಣ್ಣುಮಕ್ಕಳ ಚಿತ್ರಕ್ಕೆ ನಾನು ಸಹಾಯಕಿಯೊಬ್ಬರಿಲ್ಲದೆ ಹೋಗುವುದಿಲ್ಲ. ಸೆರಗು ಸರಿಪಡಿಸಲು ನನ್ನ ಕೈ ಮುಂದೆ ಹೋಗುವಂತಿಲ್ಲ, ನನ್ನ ಮಾತು ಹೋದರೂ ಅಲ್ಲಿ ಸಂಕೋಚ ಹುಟ್ಟುತ್ತದೆ.

ಸಾಧನಗಳ ಬಗ್ಗೆ ನೀವು ಕೇಳುತ್ತೀರಿ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್, ಸಣ್ಣ ಸೆನ್ಸರಿನದಕ್ಕೆ 50 ಮಿ.ಮೀ. ಸಾಕು. ಮುಖ ವಿಕಾರವಾಗುವುದು ಲೆನ್ಸಿನಿಂದಲ್ಲ, ತೀರ ಹತ್ತಿರ ನಿಲ್ಲುವುದರಿಂದ. ಮೊಬೈಲಿನ ಮುಖ್ಯ ಲೆನ್ಸು ಸುಮಾರು 24–26 ಮಿ.ಮೀ.ಗೆ ಸಮ, ಅದರಲ್ಲಿ ಮುಖ ತುಂಬಿಸಲು ಒಂದೂವರೆ ಅಡಿ ಹತ್ತಿರ ಹೋದಾಗ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿಯುತ್ತವೆ. ಐದಾರು ಅಡಿ ದೂರ ನಿಂತು ಎರಡು ಪಟ್ಟಿನ ಲೆನ್ಸು ಬಳಸಿದರೆ ಮೊಬೈಲಿನಲ್ಲೂ ಮರ್ಯಾದೆಯ ಚಿತ್ರ ಬರುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆಯ ಬಗ್ಗೆ ನನ್ನದೊಂದು ತಕರಾರಿದೆ: ಮನುಷ್ಯನನ್ನು ಅವನ ಮನೆಯಲ್ಲಿ, ಅವನ ಸಾಮಾನುಗಳ ನಡುವೆ ಕೂರಿಸಿ, ಆಮೇಲೆ 1.4ರಲ್ಲಿ ತೆಗೆದು ಹಿಂದಿನದೆಲ್ಲವನ್ನೂ ಮಂಜು ಮಾಡುವುದಾದರೆ ಅಲ್ಲಿಯವರೆಗೆ ಹೋದದ್ದೇಕೆ? 4 ಅಥವಾ 5.6ರಲ್ಲಿ ತೆಗೆಯಿರಿ, ಗೂಟಕ್ಕೆ ತೂಗುಹಾಕಿದ ಚೀಲವೂ ಗೋಡೆಯ ಕ್ಯಾಲೆಂಡರೂ ಓದಲು ಬರುವಷ್ಟು ಉಳಿಯಲಿ. ಕ್ಯಾಲೆಂಡರ್ ಎಂದಾಗ ನೆನಪಾಯಿತು: ಇದೇ ಊರಿನಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ (1916–1993) ಕ್ಯಾಲೆಂಡರ್ ಚಿತ್ರಗಳು ಒಂದು ಕಾಲಕ್ಕೆ ದೇಶದ ಎಷ್ಟೋ ಮನೆಗಳ ಗೋಡೆಯಲ್ಲಿದ್ದವು. ಅವರ ಮೂಲ ಚಿತ್ರಗಳ ಮುಂದೆ ವಿದ್ಯಾರ್ಥಿಗಳು ಒಂದು ಗಂಟೆ ನಿಂತು, ಬೆಳಕು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕತ್ತಿಗೆ ಎಲ್ಲಿ ತಿರುಗುತ್ತದೆ ಎಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ನೋಡಲಿ. ಲೈಟಿಂಗ್ ಕೋರ್ಸಿಗಿಂತ ಅದು ಹೆಚ್ಚು ಕೊಡುತ್ತದೆ.

ಇನ್ನು ತೆಗೆಯುವ ಹೊತ್ತು. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮೊದಲ ಇಪ್ಪತ್ತು ನಿಮಿಷದ ಚಿತ್ರಗಳು ಯಾವುದಕ್ಕೂ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡರೆ ನಿಮಗೂ ಅವರಿಗೂ ನೆಮ್ಮದಿ. ಸ್ಕ್ರೀನನ್ನು ಪದೇಪದೇ ತೋರಿಸಬೇಡಿ. ತೋರಿಸಿದೊಡನೆ ಅವರು ತಮ್ಮ ಮುಖವನ್ನು ತಿದ್ದಲು ಶುರುಮಾಡುತ್ತಾರೆ. “ಸಹಜವಾಗಿರಿ” ಎಂದು ಮಾತ್ರ ಹೇಳಲೇಬೇಡಿ. ಆ ಮಾತು ಕೇಳಿದ ಮೇಲೆ ಸಹಜವಾಗಿರಬಲ್ಲ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಅದರ ಬದಲು ಕೈಗೆ ಕೆಲಸ ಕೊಡಿ, ಅದೂ ಅವರದೇ ಕೆಲಸ.

ಇದಕ್ಕೆ ಬೀದರಿನ ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ. ಬಿದರಿ ಕೆಲಸದ ಒಬ್ಬ ಹಿರಿಯ ಕುಶಲಕರ್ಮಿಯ ಚಿತ್ರ ತೆಗೆಯಬೇಕಿತ್ತು. ಚಿತ್ರ ಕೇಳಿದ್ದು ಅವರ ಮಗಳು. ಮೊದಲ ದಿನ ನಾನು ಬರಿಗೈಯಲ್ಲಿ ಹೋದಾಗ ಅವರು ಬಿಳಿ ಶೇರ್ವಾನಿ ಹಾಕಿಕೊಂಡು, ಪ್ರಶಸ್ತಿ ಪತ್ರಗಳ ಗೋಡೆಯ ಕೆಳಗೆ ಕುರ್ಚಿಯ ಮೇಲೆ ಕುಳಿತು ಕಾಯುತ್ತಿದ್ದರು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದರು. ಬೆರಳುಗಳ ಸಂದಿಯಲ್ಲಿ ಕಪ್ಪು ಇತ್ತು. ಅದನ್ನು ನೋಡುತ್ತಿದ್ದೇನೆಂದು ಗೊತ್ತಾಗಿ ಅವರು ಕೈಯನ್ನು ಶೇರ್ವಾನಿಯ ಕೆಳಗೆ ಸರಿಸಿದರು. ನಾನು ಫೋಟೊದ ಮಾತು ಬಿಟ್ಟು ಆ ಕಪ್ಪಿನ ಬಗ್ಗೆಯೇ ಕೇಳಿದೆ. ಆಮೇಲೆ ಮುಕ್ಕಾಲು ಗಂಟೆ ಅವರೇ ಮಾತನಾಡಿದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು; ಎರಕದ ಮೈಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುವಂತೆ ಮಾಡಿಕೊಳ್ಳುವುದು; ಆ ಗೆರೆಯಲ್ಲಿ ಬೆಳ್ಳಿಯ ತಾರ ಇಟ್ಟು ಬಡಿದು ಕೂಡಿಸುವುದು; ಉಜ್ಜಿ ಸಮ ಮಾಡಿದಾಗ ಬೆಳ್ಳಿ ಯಾವುದು, ಸತು ಯಾವುದು ಎಂದು ತಿಳಿಯದಂತೆ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಬರುವುದು; ಕೊನೆಗೆ ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಸತುವಿನ ಮೈ ಮಾತ್ರ ಶಾಶ್ವತವಾಗಿ ಕಪ್ಪಾಗಿ ಬೆಳ್ಳಿ ಹೊಳೆಯುತ್ತ ಉಳಿಯುವುದು. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತೇವೆ ಎಂದು ಹೇಳುವಾಗ ಅವರು ಕೈ ಹೊರತೆಗೆದು ಬೆರಳನ್ನು ತುಟಿಯ ಹತ್ತಿರ ತಂದರು. ನನಗೆ ಬೇಕಾದ ಚಿತ್ರ ಅಲ್ಲಿತ್ತು, ಕ್ಯಾಮೆರಾ ಮನೆಯಲ್ಲಿತ್ತು. ಅದಕ್ಕೆ ನನಗೆ ಬೇಸರವಾಗಲಿಲ್ಲ.

ಎರಡನೆಯ ಸಲ ಹೋದಾಗ ಶೇರ್ವಾನಿಯಲ್ಲಿ, ಪ್ರಶಸ್ತಿಗಳ ಕೆಳಗೆ, ಮೊದಲು ಅವರು ಬಯಸಿದಂತೆಯೇ ನಾಲ್ಕು ಚಿತ್ರ ತೆಗೆದೆ. ಇದನ್ನು ಬಿಡಬಾರದು. ಅವರ ಮನಸ್ಸಿನಲ್ಲಿದ್ದ ಚಿತ್ರಕ್ಕೆ ಗೌರವ ಕೊಟ್ಟ ಮೇಲೆ ಉಳಿದದ್ದಕ್ಕೆ ಅವರು ನಿಮಗೆ ಅವಕಾಶ ಕೊಡುತ್ತಾರೆ. ನಂತರ ಕೆಲಸದ ಕೋಣೆಗೆ ಹೋದೆವು. ಪಶ್ಚಿಮದ ಸಣ್ಣ ಕಿಟಕಿ, ಅದಕ್ಕೆ ನಾನು ಒಂದು ತೆಳು ಬಿಳಿ ಬಟ್ಟೆ ಕಟ್ಟಿದೆ, ಅಷ್ಟೇ ನನ್ನ ಲೈಟಿಂಗು. ದಿನವೂ ಹಾಕುವ ಬನಿಯನ್, ಲುಂಗಿ, ಹೆಗಲ ಮೇಲೆ ಟವೆಲು. ನಾನು ನೆಲದ ಮೇಲೆ, ಅವರ ಕಣ್ಣಿನ ಮಟ್ಟಕ್ಕೆ ಕುಳಿತೆ. ನೆಲದಲ್ಲಿ ಕುಳಿತ ಮನುಷ್ಯನನ್ನು ನಿಂತು ತೆಗೆದರೆ ಚಿತ್ರ ಅವನನ್ನು ಕುಗ್ಗಿಸುತ್ತದೆ. ಅವರು ಒಂದು ಹೂಜಿಯನ್ನು ತೆಗೆದುಕೊಂಡು ತಾರ ಕೂಡಿಸಲು ಶುರುಮಾಡಿದರು. ಹತ್ತು ನಿಮಿಷದಲ್ಲಿ ನಾನಿದ್ದೇನೆಂಬುದನ್ನು ಮರೆತರು ಎಂದು ಹೇಳಿದರೆ ಸುಳ್ಳಾಗುತ್ತದೆ, ಯಾರೂ ಮರೆಯುವುದಿಲ್ಲ. ಆದರೆ ಸುತ್ತಿಗೆಯ ಸದ್ದಿನ ಲಯ ಸಿಕ್ಕ ಮೇಲೆ ಅವರ ಭುಜ ಕೆಳಗಿಳಿಯಿತು, ತುಟಿಯ ಬಿಗಿ ಹೋಯಿತು. ನಾನು ಮಾತನಾಡುವುದನ್ನು ನಿಲ್ಲಿಸಿದೆ. ಸುಮಾರು ಅರವತ್ತು ಚಿತ್ರ ತೆಗೆದೆ, ಆ ಸದ್ದು ನಿಂತಾಗ ನಾನೂ ನಿಲ್ಲಿಸಿದೆ.

ತೆಗೆದ ಚಿತ್ರಗಳಲ್ಲಿ ಯಾವುದು ಉಳಿಯಬೇಕೆಂಬುದು ಯೋಜನೆಯ ಕೊನೆಯ ಭಾಗ, ಅದನ್ನು ಒಬ್ಬರೇ ಮಾಡಬೇಡಿ. ನಾನು ಆರು ಚಿತ್ರಗಳನ್ನು ಆರಿಸಿ, ಮೊಬೈಲಿಗೆ ಕಳಿಸದೆ, ಸಣ್ಣ ಪ್ರಿಂಟ್ ಹಾಕಿಸಿ ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇನೆ. ಯಾವುದನ್ನು ಎಲ್ಲಿ ತೋರಿಸಬಹುದು, ಯಾವುದು ಮನೆಯೊಳಗೇ ಇರಬೇಕು ಎಂದು ಅಲ್ಲೇ ಕೇಳಿ ಬರೆದುಕೊಳ್ಳುತ್ತೇನೆ. ಬೀದರಿನ ಆ ಮನೆಯಲ್ಲಿ ಆರನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿದೆ. ನನ್ನ ಮನಸ್ಸು ಮೂರನೆಯದರ ಮೇಲಿತ್ತು: ಕಿಟಕಿಯ ಬೆಳಕು ಹಣೆಯ ಮೇಲೆ, ಕಣ್ಣು ಹೂಜಿಯ ಮೇಲೆ, ಬೆರಳುಗಳ ನಡುವೆ ಬೆಳ್ಳಿಯ ತಾರದ ಒಂದು ತುದಿ ಗಾಳಿಯಲ್ಲಿ ಎದ್ದು ಮಿಂಚಿನಂತೆ ಹೊಳೆಯುತ್ತಿತ್ತು. ಪ್ರದರ್ಶನಕ್ಕೆ ಇದೇ ಎಂದು ಆಗಲೇ ತೀರ್ಮಾನಿಸಿದ್ದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು; ಮೂರನೆಯದನ್ನು ನೋಡಿದ ಕೂಡಲೇ ಮಗುಚಿ ಬದಿಗಿಟ್ಟರು. ಯಾಕೆಂದು ಕೇಳಿದೆ. ಅದರಲ್ಲಿ ತಾರ ಇನ್ನೂ ಕೂತಿಲ್ಲ, ನೋಡಿದವರು ಕೆಲಸ ಬಾರದವನೆಂದು ತಿಳಿಯುತ್ತಾರೆ ಎಂದರು. ಐದನೆಯದನ್ನು ಎತ್ತಿಕೊಟ್ಟರು. ಅದರಲ್ಲಿ ಅವರು ಕೆಲಸ ಮುಗಿಸಿ, ಹೂಜಿಯನ್ನು ಬೆಳಕಿಗೆ ತಿರುಗಿಸಿ ಹಿಡಿದು, ಹೆಬ್ಬೆರಳಿನಿಂದ ಅದರ ಮೈಯನ್ನು ಸವರಿ ನೋಡುತ್ತಿದ್ದರು. ಹನ್ನೆರಡಕ್ಕೆ ಹದಿನೆಂಟು ಅಂಗುಲದ ಮ್ಯಾಟ್ ಕಾಗದದಲ್ಲಿ ಅದನ್ನೇ ಪ್ರಿಂಟ್ ಹಾಕಿಸಿದೆ. ಮೂರನೆಯ ಚಿತ್ರವನ್ನು ನಾನು ಇದುವರೆಗೆ ಎಲ್ಲೂ ತೋರಿಸಿಲ್ಲ.